ನೋಟೀಸಮ್ಮ ಕೆತ್ತಿದ ಅತ್ತೆ

ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಕಚೇರಿಯಲ್ಲಿ ಆಕೆ ಇಪ್ಪತ್ತಮೂರು ವರ್ಷದಿಂದ ಟೈಪಿಸ್ಟ್. ಉಪನ್ಯಾಸ, ಚಿತ್ರಪ್ರದರ್ಶನ, ಶಿಬಿರ, ವಿದ್ಯಾರ್ಥಿವೇತನ, ಹೊರಗಿನಿಂದ ಬರುವ ಕಲಾವಿದರ ಪ್ರಾತ್ಯಕ್ಷಿಕೆ, ಏನೇ ಇರಲಿ, ನೋಟೀಸು ಆಕೆಯ ಕೈಯಿಂದಲೇ ಹೊರಡಬೇಕು. ಟೈಪು ಮಾಡುವುದು, ಡೀನರ ಸಹಿ ಹಾಕಿಸುವುದು, ಮೂರು ಮಹಡಿಯ ಮೂರು ಬೋರ್ಡಿಗೆ ಪಿನ್ನು ಚುಚ್ಚುವುದು, ದಿನ ಕಳೆದ ಮೇಲೆ ಕಿತ್ತು ತೆಗೆಯುವುದು. ವಿದ್ಯಾರ್ಥಿಗಳು ಆಕೆಗೆ ನೋಟೀಸಮ್ಮ ಎಂದು ಹೆಸರಿಟ್ಟಿದ್ದರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಆಮೇಲೆ ಎದುರಿಗೇ ಕರೆಯತೊಡಗಿದರು. ಆಕೆಯೂ ಓಗೊಟ್ಟಳು.

ಇಷ್ಟು ವರ್ಷದಲ್ಲಿ ಆಕೆ ಅಲ್ಲಿ ಒಂದೇ ಒಂದು ಉಪನ್ಯಾಸ ಕೇಳಿರಲಿಲ್ಲ. ಕಲೆಯ ಮೇಲೆ ಮುನಿಸೇನೂ ಇರಲಿಲ್ಲ. ಕಾರ್ಯಕ್ರಮಗಳು ಐದೂವರೆಗೆ ಶುರುವಾಗುತ್ತಿದ್ದವು, ಆಕೆಯ ಬಸ್ಸು ಐದು ಇಪ್ಪತ್ತಕ್ಕೆ ಹೊರಡುತ್ತಿತ್ತು.

ಗಂಡ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸಾಣೆ ಹಿಡಿಯುವವನು. ದಿನವಿಡೀ ಆ ಸದ್ದಿನಲ್ಲಿ ಇದ್ದುದರಿಂದಲೋ ಏನೋ, ಮನೆಯಲ್ಲಿ ಮಾತು ಕಡಿಮೆ. ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಉಳಿದವರು ಅತ್ತೆ. ಎಪ್ಪತ್ತೆಂಟು ವರ್ಷ, ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಅತ್ತೆ ಸೊಸೆ ಜಗಳವಾಡಿದ್ದನ್ನು ಅಕ್ಕಪಕ್ಕದವರು ಯಾರೂ ಕೇಳಿಲ್ಲ. ಜಗಳಕ್ಕಾದರೂ ಒಂದಿಷ್ಟು ಮಾತು ಬೇಕು. ಅವರಿಬ್ಬರ ನಡುವೆ ಹಾಲು ಬಂತೇ, ಮಾತ್ರೆ ತಗೊಂಡಿರಾ, ಬಾಗಿಲು ಹಾಕಿದೆಯಾ ಎಂಬಷ್ಟರಲ್ಲೇ ಇಪ್ಪತ್ತಾರು ವರ್ಷ ಕಳೆದಿತ್ತು.

ಆ ವರ್ಷ ವಿಭಾಗದವರು ಸಾರ್ವಜನಿಕರಿಗಾಗಿ ಸಂಜೆಯ ತರಗತಿಯೊಂದನ್ನು ತೆರೆದರು. ಮರದ ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ಕಾಗದದ ಮೇಲೆ ಅಚ್ಚು ತೆಗೆಯುವ ವಿದ್ಯೆ. ಕಲಿಸುವವರು ಅಚ್ಚಿನ ಮೇಷ್ಟ್ರು. ಕನಿಷ್ಠ ಹನ್ನೆರಡು ಜನ ಸೇರಬೇಕೆಂದು ನಿಯಮ. ಕೊನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಅರ್ಜಿ ಬಂದಿದ್ದವು. ಡೀನರು ತರಗತಿ ರದ್ದಾಗಿದೆಯೆಂದು ನೋಟೀಸು ತಯಾರಿಸಲು ಹೇಳಿ ಊಟಕ್ಕೆ ಹೋದರು.

ಆಕೆ ಟೈಪು ಮಾಡಿ ಕಾಗದ ಹೊರಗೆ ತೆಗೆಯುವಷ್ಟರಲ್ಲಿ ಅಚ್ಚಿನ ಮೇಷ್ಟ್ರು ಬಂದು ಮೇಜಿನ ಆಚೆ ನಿಂತರು. ನೋಟೀಸು ಅವರಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಅಂಥ ಅಕ್ಷರ ಓದುವುದೇ ಅವರ ಕಸುಬಾದ್ದರಿಂದ ತೊಂದರೆಯಾಗಲಿಲ್ಲ. ಓದಿ ಮುಗಿಸಿ, "ಸರಿ ಬಿಡಿ" ಎಂದು ಉಪಕರಣದ ಬೀರುವಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟರು.

ಆಕೆಗೆ ರದ್ದತಿಯ ನೋಟೀಸು ಕಂಡರೆ ಆಗುತ್ತಿರಲಿಲ್ಲ. ಮೂರು ಮಹಡಿ ಹತ್ತಿ ಹಳೆಯದನ್ನು ಕೀಳಬೇಕು, ಹೊಸದನ್ನು ಹಚ್ಚಬೇಕು, ನಾಲ್ಕು ದಿನ ಬಿಟ್ಟು ಅದನ್ನೂ ಕೀಳಬೇಕು. ಮೆಟ್ಟಿಲು ಉಳಿಸಲು ಹಾಗೆ ಮಾಡಿದೆ ಎಂದೇ ಆಕೆ ಇವತ್ತಿಗೂ ಹೇಳುವುದು. ಡ್ರಾಯರಿನಿಂದ ಒಂದು ಅರ್ಜಿ ತೆಗೆದು ತನ್ನ ಹೆಸರು, ವಯಸ್ಸು, ವಿಳಾಸ ತುಂಬಿದಳು. ಸೇರುವ ಉದ್ದೇಶ ಎಂಬಲ್ಲಿ 'ಸಂಖ್ಯೆ ಭರ್ತಿಗಾಗಿ' ಎಂದು ಬರೆದಳು. ಊಟ ಮುಗಿಸಿ ಬಂದ ಡೀನರು ಅದನ್ನು ಎರಡು ಸಲ ಓದಿ, ಹೊಡೆದು ಹಾಕಿ, 'ಆಸಕ್ತಿ' ಎಂದು ತಿದ್ದಿ ಸಹಿ ಮಾಡಿದರು.

ವಾರಕ್ಕೆ ಎರಡು ಸಂಜೆ ತಡವಾಗುತ್ತದೆ ಎಂದು ಮನೆಯಲ್ಲಿ ಹೇಳಿದಾಗ ಗಂಡ ತಲೆಯಾಡಿಸಿದ. ಏನು ಕಲಿಸುತ್ತಾರೆ ಎಂದು ಅತ್ತೆ ಕೇಳಿದರು. ಮರ ಕೆತ್ತುವುದು ಎಂದಳು. ಅತ್ತೆ, ಹಾಗಾದರೆ ಅಡುಗೆಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುತ್ತದಲ್ಲ, ಅದನ್ನು ಮೊದಲು ನೋಡು ಎಂದರು.

ಮೊದಲ ದಿನ ಎಲ್ಲರೂ ಎಲೆ, ಹಕ್ಕಿ ಎಂದು ಕೆತ್ತಿದರೆ ಆಕೆ ತನಗೆ ಗೊತ್ತಿದ್ದುದನ್ನೇ ಕೆತ್ತಿದಳು. 'ಸೂಚನೆ' ಎಂಬ ಮೂರಕ್ಷರ. ಅಚ್ಚು ತೆಗೆದು ನೋಡಿದರೆ ಅಕ್ಷರವೆಲ್ಲ ಹಿಂದುಮುಂದು. ಇಪ್ಪತ್ತಮೂರು ವರ್ಷದಲ್ಲಿ ಯಾರಿಗೂ ಓದಲಾಗದ ಸೂಚನೆಯನ್ನು ಆಕೆ ಹೊರಡಿಸಿದ್ದು ಅದೇ ಮೊದಲು. ಮೇಷ್ಟ್ರು ನಗಲಿಲ್ಲ. ಹಲಗೆ ಅಂದರೆ ನಿಮ್ಮೆದುರು ಕೂತವರ ಹಾಗೆ, ನಿಮ್ಮ ಎಡ ಅದಕ್ಕೆ ಬಲ, ಅಷ್ಟು ನೆನಪಿಟ್ಟರೆ ಸಾಕು ಎಂದರು.

ಎರಡನೆಯ ವಾರ ಉಳಿ ಜಾರಿ ಎಡಗೈಯ ತೋರುಬೆರಳು ಕುಯ್ದುಹೋಯಿತು. ಪಟ್ಟಿ ಸುತ್ತಿದ ಬೆರಳಲ್ಲಿ ಟೈಪು ಮಾಡಿದ ನೋಟೀಸಿನಲ್ಲಿ 'ಶಿಲ್ಪಕಲಾ ಶಿಬಿರ' ಎಂಬುದು 'ಶಿಲ್ಪಕಲಾ ಶಿರ' ಎಂದಾಯಿತು. ಎಂದಿಗಿಂತ ಹೆಚ್ಚು ಜನ ಬಂದರು.

ಬೆರಳು ಕಂಡ ಗಂಡ ಉಳಿ ಎಲ್ಲಿ ಎಂದ. ಚೀಲದಿಂದ ತೆಗೆದು ಕೊಟ್ಟಳು. ಹೆಬ್ಬೆರಳಿನಿಂದ ಅದರ ಅಂಚು ಮುಟ್ಟಿ ನೋಡಿ, "ಯಾರು ಹಿಡಿದಿದ್ದು ಈ ಸಾಣೆ?" ಎಂದು ಕೇಳಿದ. ಆ ವಾರ ಆತನ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಮರುದಿನ ಉಳಿಯನ್ನು ಕಾರ್ಖಾನೆಗೆ ಒಯ್ದು, ಸಂಜೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಅದರಲ್ಲಿ ಮರ ಬೆಣ್ಣೆಯ ಹಾಗೆ ಬಿಡುತ್ತಿತ್ತು. ಪಕ್ಕದ ಬೆಂಚಿನ ನಿವೃತ್ತ ಔಷಧ ವ್ಯಾಪಾರಿ ಅದನ್ನು ಒಮ್ಮೆ ಎರವಲು ಪಡೆದ ಮೇಲೆ ತನ್ನದನ್ನೂ ಕಳಿಸಿದ. ತಿಂಗಳು ಕಳೆಯುವುದರೊಳಗೆ ಇಡೀ ತರಗತಿಯ ಉಳಿಗಳು ಆಕೆಯ ಚೀಲದಲ್ಲಿ ಮನೆಗೆ ಬಂದು ಹೋಗುತ್ತಿದ್ದವು.

ವರ್ಷದ ಕೊನೆಗೆ ಮೇಷ್ಟ್ರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಮನೆಯವರೊಬ್ಬರ ಮುಖ ಕೆತ್ತಿ ತರಬೇಕು, ಫೋಟೋ ನೋಡಿಯಲ್ಲ, ಎದುರು ಕೂರಿಸಿಕೊಂಡು ಬರೆದು. ಗಂಡನಿಗೆ ಭಾನುವಾರವೂ ಓವರ್‌ಟೈಮ್. ಇನ್ನು ಉಳಿದದ್ದು ಒಂದೇ ಮುಖ.

ಅತ್ತೆ ಮೊದಲು ಆಗುವುದಿಲ್ಲ ಎಂದರು. ಮೂರು ದಿನ ಬಿಟ್ಟು ತಾವೇ ಒಂದು ಷರತ್ತು ಹಾಕಿ ಒಪ್ಪಿದರು. ಗಲ್ಲದ ಮೇಲಿನ ನರುಳ್ಳಿ ಚಿತ್ರದಲ್ಲಿ ಬರಕೂಡದು. ಆಕೆ ಆಗಲಿ ಎಂದಳು.

ಭಾನುವಾರ ಬೆಳಗ್ಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದಳು. ಕಾಗದ ಪೆನ್ಸಿಲು ಹಿಡಿದು ನೋಡಿದರೆ, ಅತ್ತೆಯ ಮೂಗು ಕೊಂಚ ಎಡಕ್ಕೆ ವಾಲಿತ್ತು. ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದು ಗೊತ್ತಿಲ್ಲವಲ್ಲ ಎಂದು ಆಕೆಗೆ ನಾಚಿಕೆಯಾಯಿತು. ಯಾರನ್ನಾದರೂ ಒಂದೇ ಸಮನೆ ನೋಡಬೇಕಾದರೆ ಒಂದು ಕಾರಣ ಬೇಕಲ್ಲವೇ, ಈಗ ಆ ಕಾರಣ ಸಿಕ್ಕಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೇ ಮಾತು ತೆಗೆದರು.

"ಮೊದಲನೇ ಸಲ ಈ ಮನೆಗೆ ಬಂದಾಗ ನೀನು ನನ್ನ ಮುಖಾನೇ ನೋಡ್ಲಿಲ್ಲ. ನೆಲ ನೋಡ್ಕೊಂಡು ಕೂತಿದ್ದೆ. ಸೊಕ್ಕಿನ ಹುಡುಗಿ ಅಂದ್ಕೊಂಡೆ."

"ಸೊಕ್ಕಲ್ಲ ಅತ್ತೆ. ಹೆದರಿಕೆ."

"ಇಪ್ಪತ್ತಾರು ವರ್ಷಾನೂ ಹೆದರಿಕೇನಾ?"

ಆಕೆ ಹುಬ್ಬನ್ನು ತಿದ್ದುತ್ತಾ ಲೆಕ್ಕ ಹಾಕಿದಳು. "ಮೊದಲನೇ ಐದು ವರ್ಷ ಹೆದರಿಕೆ. ಆಮೇಲೆ ಅಭ್ಯಾಸ ಆಗೋಯ್ತು."

"ನಂಗೂ ಹಂಗೇ" ಎಂದರು ಅತ್ತೆ. ಯಾವುದು ಹಾಗೆ, ಹೆದರಿಕೆಯೋ ಅಭ್ಯಾಸವೋ ಎಂದು ಬಿಡಿಸಿ ಹೇಳಲಿಲ್ಲ. ಆಮೇಲೆ ಸೊಂಟ ಹಿಡಿಯಿತೆಂದು ಮುಖ ಗಂಟಿಕ್ಕಿ ಇನ್ನೂ ಅರ್ಧ ಗಂಟೆ ಅಲ್ಲಾಡದೆ ಕೂತರು.

ಕೆತ್ತಲು ಒಂದು ತಿಂಗಳು ಹಿಡಿಯಿತು. ಷರತ್ತಿನಂತೆ ಆಕೆ ನರುಳ್ಳಿಯನ್ನು ಬಿಟ್ಟೇ ಕೆತ್ತಿದಳು. ಆದರೆ ಹಲಗೆಯಲ್ಲಿ ಸರಿಯಾಗಿ ಗಲ್ಲದ ಜಾಗದಲ್ಲಿ ಮರದ ಸಣ್ಣ ಗಂಟೊಂದಿತ್ತು. ಅದು ಉಳಿಗೆ ಬಗ್ಗಲಿಲ್ಲ. ಅಚ್ಚು ತೆಗೆದರೆ ಕಡಲೆಕಾಳಿನಷ್ಟು ದುಂಡಗೆ, ಕಪ್ಪಗೆ ಎದ್ದು ಕಂಡಿತು. ಗಂಟನ್ನು ಕಿತ್ತರೆ ಗಲ್ಲವೇ ಒಡೆಯುತ್ತದೆ ಎಂದು ಮೇಷ್ಟ್ರು ಎಚ್ಚರಿಸಿದರು. ಆಕೆ ಹಾಗೇ ಬಿಟ್ಟಳು.

ಪ್ರದರ್ಶನದ ನೋಟೀಸನ್ನೂ ಆಕೆಯೇ ಟೈಪು ಮಾಡಬೇಕಾಯಿತು. ಭಾಗವಹಿಸುವವರು ಎಂದು ಹನ್ನೊಂದು ಹೆಸರು ಹೊಡೆದು, ಅಭ್ಯಾಸಬಲದಿಂದ ಕಾಗದ ಹೊರಗೆ ಎಳೆದಳು. ಮೇಷ್ಟ್ರು ನೋಡಿ, ಜೇಬಿನ ಪೆನ್ನಿನಿಂದ ಕೆಳಗೊಂದು ಹೆಸರು ಸೇರಿಸಿದರು.

ಉದ್ಘಾಟನೆಗೆ ಅತ್ತೆ ಬರುತ್ತೇನೆಂದು ಹಟ ಹಿಡಿದರು. ಗಂಡ ಅರ್ಧ ದಿನ ರಜೆ ಹಾಕಿ ಆಟೋದಲ್ಲಿ ಕರೆತಂದ. ಅತಿಥಿಯಾಗಿ ಬಂದಿದ್ದ ವಿಮರ್ಶಕರು ಒಂದೊಂದೇ ಚಿತ್ರ ನೋಡುತ್ತಾ ಬಂದು ಅತ್ತೆಯ ಚಿತ್ರದೆದುರು ನಿಂತರು. ಈ ಮುಖದಲ್ಲಿ ಹೆಣ್ಣಿನ ಶತಮಾನಗಳ ಮೂಕವೇದನೆ ಹೆಪ್ಪುಗಟ್ಟಿದೆ, ಸೌಂದರ್ಯದ ಮೋಹಕ್ಕೆ ಬೀಳದೆ ಗಲ್ಲದ ನರುಳ್ಳಿಯನ್ನೂ ಉಳಿಸಿಕೊಂಡಿರುವುದು ಕಲಾವಿದೆಯ ಧೈರ್ಯ ಎಂದು ಸಾಕಷ್ಟು ಹೊತ್ತು ಮಾತಾಡಿದರು. ಅವರ ಹಿಂದೆ ಊರುಗೋಲು ಹಿಡಿದು ನಿಂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ವೇದನೆ ಏನಿಲ್ಲಪ್ಪ" ಎಂದರು. "ಅವತ್ತು ಸೊಂಟ ಹಿಡ್ಕೊಂಡಿತ್ತು."

ವಿಮರ್ಶಕರು ತಿರುಗಿ ಅತ್ತೆಯನ್ನು, ಮತ್ತೆ ಚಿತ್ರವನ್ನು, ಮತ್ತೆ ಅತ್ತೆಯನ್ನು ನೋಡಿದರು. ನೋಟೀಸಮ್ಮ ನರುಳ್ಳಿಯ ವಿಷಯ ವಿವರಿಸಲು ಮುಂದಾದಳು. ಮರದ ಗಂಟು ಎಂದಳು, ಮೇಷ್ಟ್ರನ್ನು ಸಾಕ್ಷಿಗೆ ಕರೆದಳು. ಅತ್ತೆ ಕೈ ಅಡ್ಡ ಹಿಡಿದು, ಮರಕ್ಕೆ ಗೊತ್ತಿದ್ದದ್ದನ್ನು ಅದು ಹೇಳಿದೆ, ಹೋಗಲಿ ಬಿಡು ಎಂದರು. ಆಮೇಲೆ ಉಳಿದ ಹನ್ನೊಂದು ಚಿತ್ರಗಳನ್ನೂ ನೋಡಿ ಬಂದು, ತಮ್ಮದೇ ಚೆನ್ನಾಗಿದೆ ಎಂದು ಮಗನಿಗೆ ಹೇಳಿದರು. ಆತ ಹೌದು ಎಂದ.

ತರಗತಿಯ ಕೊನೆಯ ಪರೀಕ್ಷೆಯಲ್ಲಿ ಆಕೆಗೆ ಎರಡನೆಯ ದರ್ಜೆ ಬಂತು. ಈಗ ಕಾರ್ಯಕ್ರಮವಿದ್ದ ದಿನ ಆಕೆ ಏಳು ಗಂಟೆಯ ಬಸ್ಸಿಗೆ ಹೋಗುತ್ತಾಳೆ. ಮೂರನೆಯ ಸಾಲಿನಲ್ಲಿ ಕೂತು ಕೇಳುತ್ತಾಳೆ. ಅರ್ಥವಾಗದಿದ್ದರೆ ಹಾಗೆಂದೇ ಮನೆಯಲ್ಲಿ ಹೇಳುತ್ತಾಳೆ. ಅರ್ಥವಾದದ್ದನ್ನು ಊಟಕ್ಕೆ ಕೂತಾಗ ಅತ್ತೆಗೆ ವಿವರಿಸುತ್ತಾಳೆ. ಅತ್ತೆಗೆ ಶಿಲ್ಪಿಗಳಿಗಿಂತ ಕುಂಬಾರಿಕೆಯವರು ಹಿಡಿಸಿದ್ದಾರೆ, ಅವರ ಕೆಲಸದಲ್ಲಿ ಏನಾದರೂ ಹಾಕಿಡಲು ಬರುತ್ತದೆ ಎಂದು.

ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತ ಮೇಲೆ ಆಕೆ ಗಂಡನ ಮುಖಕ್ಕೆ ಕೈ ಹಾಕಿದಳು. ಭಾನುವಾರ ಊಟವಾದ ಮೇಲೆ ಆತ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾನೆ, ಹೇಳಿದರೂ ಅಷ್ಟು ಅಲ್ಲಾಡದೆ ಕೂರುವವರು ಸಿಗಲಾರರು. ಅರ್ಧ ಕೆತ್ತಿದ ಹಲಗೆಯನ್ನು ಅತ್ತೆ ಮಂಚದ ಮೇಲಿಂದಲೇ ತರಿಸಿಕೊಂಡು ನೋಡಿದರು.

"ಕಿವಿ ಚಿಕ್ಕದಾಯ್ತು. ಇನ್ನೂ ದೊಡ್ಡದು ಮಾಡು."

"ಕೆತ್ತಿ ತೆಗೆದಿದ್ದನ್ನ ಮತ್ತೆ ಅಂಟಿಸೋಕಾಗಲ್ಲ ಅತ್ತೆ."

"ಹಾಗಾದ್ರೆ ಕೆತ್ತೋಕೆ ಮುಂಚೆ ನನ್ನನ್ನ ಕೇಳು. ಆ ಕಿವೀನ ಹುಟ್ಟಿದಾಗಿಂದ ನೋಡಿದೀನಿ."

ಆಕೆ ಹೊಸ ಹಲಗೆ ತಂದಳು. ಪೆನ್ಸಿಲಿನಲ್ಲಿ ಕಿವಿಯ ಗೆರೆ ಎಳೆದು ಮಂಚದ ಬಳಿ ಒಯ್ದು ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು, ನಿದ್ದೆಯಲ್ಲಿದ್ದ ಮಗನನ್ನೂ ಹಲಗೆಯನ್ನೂ ನಾಲ್ಕು ಸಲ ನೋಡಿ, ಇನ್ನೊಂದು ನೂಲಿನಷ್ಟು ದೊಡ್ಡದಾಗಲಿ ಎಂದರು.