ನಿನ್ನೆ ಕಾದ ನೀರು

ಕರೆಂಟಿನ ಗೀಜರ್ ಮೂರನೆಯ ಸಲ ಸುಟ್ಟಾಗ ಅದನ್ನು ಗೋಡೆಯಿಂದ ಕೀಳಿಸಿ ಗುಜರಿಯವನಿಗೆ ಕೊಟ್ಟುಬಿಟ್ಟೆ. ಇಳಕಲ್ಲಿನಲ್ಲಿ ನಮ್ಮ ಓಣಿಯ ಬೋರಿನ ಸವಳು ನೀರು ಎಂಥ ಕಾಯಿಲ್ ಹಾಕಿದರೂ ಕೆಲವೇ ತಿಂಗಳಲ್ಲಿ ಸುಣ್ಣ ಮೆತ್ತಿಸಿ ಸುಟ್ಟುಹಾಕುತ್ತಿತ್ತು. ಸಾಲದ್ದಕ್ಕೆ ಬೆಳಗಿನ ಕರೆಂಟು ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಅಲ್ಲೊಂದು ಇಲ್ಲೊಂದು ಮಾಳಿಗೆಯ ಮೇಲೆ ಸೋಲಾರ್ ಕಾಣತೊಡಗಿತ್ತು.

ಬಿಸಿನೀರು ಬೇಕಾಗಿದ್ದು ನನಗಲ್ಲ, ಅವ್ವನಿಗೆ. ಅವ್ವ ಕೊಂಡಿ ಹಾಕುವವಳು. ನಮ್ಮ ಇಳಕಲ್ ಸೀರೆಯ ಕೆಂಪು ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸಿ ಜೋಡಿಸುವ ಕೆಲಸ ಅದು. ಅರವತ್ತು ದಾಟಿದ ಮೇಲೆ ಬೆಳಿಗ್ಗೆ ಅವಳ ಬೆರಳುಗಳು ಮಡಚಿದರೆ ಬಿಚ್ಚುತ್ತಿರಲಿಲ್ಲ. ಬಿಸಿನೀರು ಬಿದ್ದರೆ ಮಾತ್ರ ಸಡಿಲಾಗುತ್ತಿದ್ದವು. ಐದಕ್ಕೆ ಸ್ನಾನ, ಆಮೇಲೆ ಪೂಜೆ, ಆಮೇಲೆ ಓಣಿಯ ನೇಕಾರರ ಮಗ್ಗದ ಕೋಣೆ. ಬೆರಳು ಮಾತು ಕೇಳದ ದಿನ ಎಳೆಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ನಾನು ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತ. ಕಡತ ಮಾಡದೆ ಒಂದು ಕೊಡಪಾನವನ್ನೂ ಕೊಳ್ಳುವವನಲ್ಲ. ಎರಡು ತಿಂಗಳು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೆಲ್ಲ ಸೋಲಾರ್ ಬಗ್ಗೆ ಕೇಳಿ ಪೀಡಿಸಿದೆ. ತಾಮ್ರದ ಕೊಳವೆಯದೋ ಗಾಜಿನ ಕೊಳವೆಯದೋ, ಸವಳು ನೀರಿಗೆ ಯಾವುದು ತಾಳುತ್ತದೆ, ಮೋಡ ಕವಿದರೆ ಗತಿಯೇನು, ಎಲ್ಲ ಬರೆದುಕೊಂಡೆ. ಬಾಗಲಕೋಟೆಗೆ ಮೂರು ಸಲ ಹೋಗಿಬಂದೆ. ಮೂರನೆಯ ಸಲ ಅಂಗಡಿಯವನು, "ಬಿಸಲು ಬಿದ್ರ ಸಾಕ್ರಿ ಸರ್. ಕರೆಂಟೂ ಬ್ಯಾಡ, ಕಟಗಿನೂ ಬ್ಯಾಡ. ಇವತ್ತ ಕಾದ ನೀರು ನಾಳಿ ಮುಂಜಾನಿಗೂ ಕೈ ಸುಡತಾವ್ರಿ" ಎಂದ. ಆ ಮಾತಿಗೇ ನಾನು ಬಿದ್ದೆ.

ಗಾಜಿನ ಕೊಳವೆಯದು ಮಾಳಿಗೆ ಏರಿತು. ಅಂಗಡಿಯವನ ಮಾತನ್ನು ಅಕ್ಷರ ಬಿಡದೆ ಅವ್ವನಿಗೆ ಒಪ್ಪಿಸಿದೆ. ನಾನು ಮಾಡಿದ ತಪ್ಪು ಅದು.

"ಹಂಗಾದ್ರ ನಾ ಜಳಕಾ ಮಾಡೂದು ನಿನ್ನಿ ಕಾದ ನೀರಿಲೆ?"

"ಹೌದು ಯವ್ವಾ. ಹೆಚ್ಚುಗಾರಿಕಿನ ಅದು."

"ಅಂದ್ರ ತಂಗಳ ನೀರು. ತಂಗಳ ನೀರು ಮೈಮ್ಯಾಲ ಹಾಕ್ಕೊಂಡು ದೇವರನ್ನ ಮುಟ್ಟಂತೀಯೇನು?"

ಪಾಪ, ಗೀಜರ್ ಮುಂಜಾನೆ ಅವಳ ಕಣ್ಣೆದುರು ನೀರು ಕಾಸುತ್ತಿತ್ತಂತೆ, ಅದಕ್ಕೆ ನಡೆಯುತ್ತಿತ್ತು. ನಾನು ವಕೀಲನಂತೆ ವಾದಕ್ಕಿಳಿದೆ. "ತಣ್ಣೀರೂ ಮ್ಯಾಲಿನ ಟಾಕ್ಯಾಗಿಂದ ಬರತೈತಿ. ಅದೂ ನಿನ್ನಿ ತುಂಬಿದ್ದು. ಅದು ತಂಗಳಲ್ಲೇನು?"

"ಅಕ್ಕಿ ಹಳೇವಿದ್ರ ನಡಿತೈತಿ ತಮ್ಮಾ. ಅನ್ನ ನಿನ್ನಿದಿದ್ರ ನಡಿಯಂಗಿಲ್ಲ."

ಮರುದಿನದಿಂದ ಅವ್ವ ತಣ್ಣೀರು ಸುರಿದುಕೊಳ್ಳತೊಡಗಿದಳು. ನನಗೆ ಮೈಯೆಲ್ಲ ಉರಿಯಿತು.

ಹೆಂಡತಿ ಹೇಳಿದಳು, "ಗ್ಯಾಸಿನ ಮ್ಯಾಲ ಒಂದ್ ಬೋಗುಣಿ ಕಾಸಿ ಕೊಡತೇನಿ ಬಿಡ್ರಿ."

"ಏನೂ ಬ್ಯಾಡ. ಮಾಳಗಿ ಮ್ಯಾಲ ಅಷ್ಟ ದೊಡ್ಡದು ಇಟ್ಟು ಕೆಳಗ ಗ್ಯಾಸ್ ಸುಡೂದಾ? ಆಕಿ ಹಟಾ ಎಷ್ಟ ದಿನ ನಡಿತೈತಿ ನೋಡೇಬಿಡೂಣು."

"ನಿಮ್ಮದು ಹಟಾ ಅಲ್ಲೇನ್ರಿ?"

ಕೇಳಿಸದವನಂತೆ ಬಸ್ಸಿಗೆ ಹೊರಟೆ. ಚಳಿ ಏರಿತು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಕೊಂಡಿ ಸಂಜೆಗೆ ಹೋಯಿತು, ಆಮೇಲೆ ಮರುದಿನಕ್ಕೆ. ಮಗ್ಗದವರು ಬೇರೆ ಮನೆಯ ಹೆಣ್ಣುಮಗಳೊಬ್ಬಳನ್ನು ಕರೆಯತೊಡಗಿದರು. ನಾನು ಮಾತ್ರ ಸೋಲಾರ್ ನೀರಿನಲ್ಲಿ ಸುಖವಾಗಿ ಸ್ನಾನ ಮಾಡಿ ಕಚೇರಿಗೆ ಹೋಗುತ್ತಿದ್ದೆ.

ಅಷ್ಟರಲ್ಲಿ ಕೆರೂರಿನಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಹತ್ತು ದಿನ ಸೂತಕ. ಪೂಜೆ ಇಲ್ಲ, ದೇವರನ್ನು ಮುಟ್ಟುವಂತಿಲ್ಲ. ಪೂಜೆ ಇಲ್ಲದ ಮೇಲೆ ತಂಗಳ ನೀರಿಗೂ ಅಡ್ಡಿ ಇಲ್ಲ. ಮೊದಲ ದಿನವೇ ಅವ್ವ ಬಿಸಿ ನಲ್ಲಿ ತಿರುವಿ ಅರ್ಧ ತಾಸು ಬಚ್ಚಲಿನಿಂದ ಹೊರಗೆ ಬರಲಿಲ್ಲ.

"ಛಲೋ ಕಾದಾವಪಾ ನೀರು" ಎಂದಳು ಕೆಂಪಾದ ಅಂಗೈ ನೋಡಿಕೊಳ್ಳುತ್ತ.

ಆ ಹತ್ತು ದಿನ ಬೆರಳುಗಳು ಚುರುಕಾಗಿದ್ದವು. ಸತ್ತವರ ಮನೆಗೆ ಹೋಗಿ ಮುಖ ಇಳಿಬಿಟ್ಟುಕೊಂಡು ಕೂತಾಗಲೂ ನನಗೆ ಒಳಗೊಳಗೇ ಖುಷಿ. ರುಚಿ ಹತ್ತಿತಲ್ಲ, ಇನ್ನು ಬಿಡಲಾರಳು ಎಂದು ಗೆದ್ದವನಂತೆ ಓಡಾಡಿದೆ.

ಹನ್ನೊಂದನೆಯ ದಿನ ಮನೆ ಶುದ್ಧಿಯಾಯಿತು. ಮರುದಿನ ನಸುಕಿನಲ್ಲಿ ಬಚ್ಚಲಿನಿಂದ ನಡುಗುವ ದನಿಯಲ್ಲಿ "ಶಿವಾ, ಶಿವಾ" ಕೇಳಿಸಿತು. ತಣ್ಣೀರೇ. ಹಾಸಿಗೆಯಿಂದ ಎದ್ದು ಓಡಿದೆ. ಅವ್ವ ಹೊರಗೆ ಬಂದದ್ದೇ ಕೂಗಾಡಿದೆ.

"ಹತ್ತ ದಿನ ಬೆರಳು ನೆಟ್ಟಗಿದ್ವಲ್ಲ! ನಿನ್ನ ಕಣ್ಣಿಲೆ ನೋಡಿದಿ! ಮತ್ಯಾಕ ಹಿಂಗ ಸಾಯ್ತಿ?"

"ಹತ್ತ ದಿನ ನನಗಂತ ಜಳಕಾ ಮಾಡಿದೆ. ಇವತ್ತಿನಿಂದ ಅವಗಂತ" ಎಂದು ದೇವರ ಕೋಣೆಯ ಕಡೆ ಕತ್ತು ತಿರುಗಿಸಿ ಒಳಗೆ ಹೋದಳು.

ನಾನು ಹೊಸ್ತಿಲ ಹೊರಗೇ ನಿಂತೆ. ಅವ್ವ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದಳು. ಕಡ್ಡಿ ಬೆರಳಿನಿಂದ ಜಾರಿ ಬಿತ್ತು. ಇನ್ನೊಂದು ತೆಗೆದಳು, ಅದೂ ಬಿತ್ತು. ಮೂರನೆಯದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಗೀರಲು ನೋಡಿದಳು, ಮುರಿಯಿತು. ನನ್ನದಿನ್ನೂ ಸ್ನಾನವಾಗಿರಲಿಲ್ಲ, ಒಳಗೆ ಕಾಲಿಡುವಂತಿರಲಿಲ್ಲ. ಅವಳು ನನ್ನನ್ನು ಕರೆಯಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಬಿದ್ದ ಕಡ್ಡಿಗಳನ್ನು ಆರಿಸಲೂ ಬಾರದೆ ಅಂಗೈಯಿಂದ ಒಂದು ಕಡೆ ಸರಿಸಿದಳು. ಅವಳ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು.

ಮರುದಿನ ನಾಲ್ಕೂವರೆಗೆ ನಾನೇ ಎದ್ದೆ. ಮನೆಯ ದೊಡ್ಡ ಬೋಗುಣಿ ತುಂಬ ತಣ್ಣೀರು ಹಿಡಿದು ಗ್ಯಾಸಿನ ಮೇಲಿಟ್ಟು, ಕಾಯುವವರೆಗೂ ಹಲ್ಲು ಕಡಿಯುತ್ತ ನಿಂತಿದ್ದೆ. ಬಟ್ಟೆಯಲ್ಲಿ ಹಿಡಿದು ಬಚ್ಚಲಿಗೆ ಒಯ್ದಿಟ್ಟೆ. ಅವ್ವ ಒಂದು ಬೆರಳು ಅದ್ದಿ ನನ್ನ ಮುಖ ನೋಡಿದಳು.

"ಇವತ್ತ ಕಾಸಿದ್ದೇನು?"

"ಈಗ ಕಾಸೇನಿ! ಈಗ! ನಿನ್ನ ಮಗ ನಿಂತು ಕಾಸ್ಯಾನ!" ಎಂದು ಒದರಿದೆ.

"ಒದರಬ್ಯಾಡ, ಮಂದಿ ಮಲಗ್ಯಾರ. ನಾಳಿ ಇನ್ನೊಂದೀಟು ಬಿಸಿ ಇರಲಿ" ಎಂದು ಅವ್ವ ಬಚ್ಚಲ ಬಾಗಿಲು ಹಾಕಿಕೊಂಡಳು.