ಆರಿಸಿದ ಅಕ್ಕಿ

ಕಳೆದ ಭಾನುವಾರ ಬೋರಿಕ್ ಪೌಡರ್ ಮುಗಿದುಹೋಗಿತ್ತು. ಕೇರಂ ಬೋರ್ಡಿಗೆ ಬೇರೇನು ಹಾಕುವುದೆಂದು ನಾನು ತಡಕಾಡುತ್ತಿದ್ದರೆ, ಗೆಳತಿ ಲಿಲ್ಲಿ ನನ್ನ ಕನ್ನಡಿಯ ಮುಂದಿದ್ದ ಮುಖದ ಪೌಡರ್ ಡಬ್ಬಿಯನ್ನೇ ತಂದು ಧಾರಾಳವಾಗಿ ಉದುರಿಸಿಬಿಟ್ಟಳು. ಆ ಗುಲಾಬಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಡೆಯಬೇಕಾದ ಕಾಯಿ ಮರೆತು ಕೂತೆ. ಲಿಲ್ಲಿಯ ತಾಯಿ ರೀಟಮ್ಮನವರ ಬೋರ್ಡೂ ಹೀಗೇ ಘಮ್ಮೆನ್ನುತ್ತಿತ್ತು. ಅವರ ಮನೆಯಲ್ಲಿ ಬೋರ್ಡಿಗೂ ಮುಖಕ್ಕೂ ಒಂದೇ ಡಬ್ಬಿ.

ಮೊದಲು ನನ್ನ ಸಮಾಚಾರ ಒಂದಿಷ್ಟು ಹೇಳಿಬಿಡುತ್ತೇನೆ. ಕಡಕೊಳದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಮೂವತ್ತು ವರ್ಷ ಟೈಪು ಕುಟ್ಟಿ ಹೋದ ವರ್ಷ ನಿವೃತ್ತಳಾದವಳು ನಾನು. ನಿವೃತ್ತಿಯೆಂದರೆ ಬಿಡುವು ಎಂದುಕೊಂಡಿದ್ದೆ. ಎಂಥ ಪೆದ್ದು! ಮಗಳು ಸುಮಾ ಒಂದು ಪಟ್ಟಿಯನ್ನೇ ಕಳಿಸಿದಳು: ಸಿರಿಧಾನ್ಯದ ಅಡುಗೆ ತರಗತಿ, ಪ್ರಾಣಾಯಾಮ, ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ನಡಿಗೆ. ಪಕ್ಕದ ಮನೆಯವರು ಗೇಟಿನಲ್ಲಿ ಸಿಕ್ಕಾಗಲೆಲ್ಲ, "ಟೈಮ್ ಹೆಂಗ್ ಪಾಸ್ ಮಾಡ್ತೀರಾ ಮೇಡಂ?" ಎಂದು ಮರುಗುತ್ತಾರೆ. ರಜೆಗೆಂದು ಸಮುದ್ರ ದಾಟಿ ನಮ್ಮ ಮೈಸೂರಿಗೆ ಬಂದು, ನಸುಕಿನಲ್ಲೇ ಎದ್ದು, ತಲೆ ಕೆಳಗೆ ಮಾಡಿ ನಿಲ್ಲುವ ವಿದೇಶಿಯರನ್ನು ನೀವೂ ನೋಡಿದ್ದೀರಿ. ಅವರ ಬಿಡುವು ನನ್ನ ಆಫೀಸಿಗಿಂತ ಕಷ್ಟದ್ದು. ಇರಲಿ, ಅವರವರ ಖುಷಿ. ನನಗೆ ಬೇಕಾಗಿದ್ದು ಭಾನುವಾರ ಮೂರರಿಂದ ಐದರವರೆಗೆ ಕೇರಂ, ಅಷ್ಟೇ. ಅದಕ್ಕೆ ಯಾರಾದರೂ ಹುಬ್ಬೇರಿಸಿದರೆ, "ಬೆರಳು ಮರಗಟ್ಟುತ್ತೆ ಕಣ್ರೀ, ಡಾಕ್ಟ್ರು ಆಡಿ ಅಂದಿದಾರೆ" ಎನ್ನುತ್ತಿದ್ದೆ. ಯಾವ ಡಾಕ್ಟರೂ ಹಾಗಂದಿರಲಿಲ್ಲ. ನನ್ನ ಬೆರಳುಗಳು ಸೊಗಸಾಗಿಯೇ ಇವೆ.

ಈ ಸುಳ್ಳು ಎಲ್ಲಿಂದ ಕಲಿತೆ ಎನ್ನುವುದು ಆ ಪೌಡರಿನ ವಾಸನೆಗೆ ನೆನಪಾಯಿತು.

ನಜರ್‌ಬಾದಿನ ವಠಾರದಲ್ಲಿ ನಮ್ಮದೂ ರೀಟಮ್ಮನವರದೂ ಗೋಡೆಗೆ ಗೋಡೆ ತಾಗಿದ ಮನೆ. ಅವರು ಆಸ್ಪತ್ರೆಯಲ್ಲಿ ನರ್ಸು. ವಾರದ ಆರು ದಿನ ಓಡುನಡಿಗೆ. ಭಾನುವಾರ ಮಾತ್ರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಒಂದೇ ಸಲ ಅಡುಗೆ ಮಾಡಿ, ಉಂಡು, ಪಾತ್ರೆ ಬೆಳಗಿ ಬೋರಲು ಹಾಕಿ, ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಬಿಡುವರು. "ಅದಕ್ಕೂ ಇವತ್ತು ರಜ" ಎನ್ನುವರು. ಆಮೇಲೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬೋರ್ಡಿನ ಸುತ್ತ. ಮಧ್ಯಾಹ್ನ ಯಾರೇ ನೆಂಟರು ಬರಲಿ, ಬಾಳೆಹಣ್ಣು, ನೀರು. ನಮ್ಮಮ್ಮ ಆ ಚಿಲಕವನ್ನು ನೋಡುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಅಡುಗೆಮನೆಗೆ ಬಾಗಿಲೇ ಇರಲಿಲ್ಲ.

ನಾವು ಬೇಸಾಯದ ಜನ. ಅಪ್ಪ ಕೆಲಸ ಸಿಕ್ಕಿ ಪೇಟೆಗೆ ಬಂದಿದ್ದರೂ, ಅಪ್ಪನ ತಾಯಿ, ನಮ್ಮಜ್ಜಿ, ಕಡಕೊಳದ ಆಚೆಯ ಹಳ್ಳಿಯಲ್ಲೇ ಇದ್ದರು. ಅಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತುಗಳು ಮೈ ತೊಳೆಸಿಕೊಂಡು, ನೆರಳಿನಲ್ಲಿ ಮೆಲುಕು ಹಾಕುತ್ತ, ಯಾರ ಹಂಗೂ ಇಲ್ಲದೆ ಮಲಗಿರುತ್ತಿದ್ದವು. ಅವುಗಳ ಕೊಟ್ಟಿಗೆ ಬಾಚಿ ಸಗಣಿ ಹೊರುವ ಹೆಂಗಸರಿಗೆ ಮಾತ್ರ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಅವರೂ ಕೂತು ಹರಟುತ್ತಿದ್ದರು, ಇಲ್ಲವೆನ್ನಲಾರೆ. ಆದರೆ ಕೈಯಲ್ಲಿ ಅವರೆಕಾಯಿಯೋ ಹುಣಸೆಹಣ್ಣೋ ಇರಲೇಬೇಕು. ಬರಿಗೈಯಲ್ಲಿ ಕೂತ ಹೆಂಗಸನ್ನು ಕಂಡರೆ, "ಯಾಕಮ್ಮಿ, ಮೈಗೆ ಉಸಾರಿಲ್ವಾ?" ಎಂದು ಕೇಳುತ್ತಿದ್ದರು.

ಹಾಗಾಗಿ ರೀಟಮ್ಮ ಒಂದು ಭಾನುವಾರ ಅಮ್ಮನನ್ನು ಆಟಕ್ಕೆ ಕರೆದಾಗ, ಅಮ್ಮ ಮೊರದಲ್ಲಿ ಎರಡು ಸೇರು ಅಕ್ಕಿ ಹಾಕಿಕೊಂಡು ಹೋದಳು. ಯಾರಾದರೂ ಕೇಳಿದರೆ ಅಕ್ಕಿ ಆರಿಸುತ್ತಿದ್ದೇನೆ ಎನ್ನಬಹುದಲ್ಲ! ಮೊರ ಒಂದು ಮೂಲೆಯಲ್ಲಿ, ಅಮ್ಮ ಬೋರ್ಡಿನ ಮುಂದೆ. ವಾಪಸು ಬಂದು ಆ ಅಕ್ಕಿಯನ್ನು ಬೇರೆ ಡಬ್ಬಿಗೆ ಸುರಿದಿಡುವಳು. ಮುಂದಿನ ವಾರ ಮತ್ತೆ ಅದೇ ಅಕ್ಕಿ, ಅದೇ ಮೊರ. ಮನಸ್ಸಿಗೆ ಸಮಾಧಾನವಿರಲೆಂದು ನಡುನಡುವೆ ಎರಡು ಬೆರಳು ಆಡಿಸುತ್ತಿದ್ದಳೇನೋ, ತಿಂಗಳು ಕಳೆಯುವಷ್ಟರಲ್ಲಿ ಅಷ್ಟು ಚೊಕ್ಕಟವಾದ ಅಕ್ಕಿ ಇಡೀ ಮೈಸೂರಿನಲ್ಲಿ ಇರಲಿಲ್ಲ. ಅಮ್ಮನೂ ಭರ್ಜರಿ ಆಟಗಾರ್ತಿಯಾದಳು. ರೆಡ್ ಬಿದ್ದಾಗ ಅವಳು ನಗುತ್ತಿದ್ದ ನಗು ನಮ್ಮ ಮನೆಯೊಳಗೆ ನಾನು ಕೇಳಿದ್ದೇ ಇಲ್ಲ.

ಒಂದು ಭಾನುವಾರ ಅಜ್ಜಿ ಸೊಪ್ಪಿನ ಗಂಟು ಹೊತ್ತು ಬಸ್ಸಿಳಿದು ಬಂದುಬಿಟ್ಟರು. ಅಪ್ಪ ಮುಖದ ಮೇಲೆ ಪೇಪರ್ ಹಾಕಿಕೊಂಡು ಗೊರಕೆಯಲ್ಲಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. "ನಿಮ್ಮವ್ವ ಎಲ್ಲಮ್ಮಿ?" ಎಂದು ಅಜ್ಜಿ ನನ್ನನ್ನು ಕೇಳಿದರು. ಎಂಟು ವರ್ಷದ ಜಾಣೆ ನಾನು, ಕಲಿಸಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸಿದೆ: "ರೀಟಮ್ಮನ ಮನೇಲಿ ಅಕ್ಕಿ ಆರಿಸ್ತಾ ಅವ್ಳೆ."

"ಅಂಗಾರೆ ನಾನೂ ನಾಕು ಕಾಳು ಆರಿಸ್ಕೊಡ್ತೀನಿ ನಡಿ" ಎಂದು ಅಜ್ಜಿ ಹೊರಟೇಬಿಟ್ಟರು. ಅವರಿಗಾದರೂ ಸುಮ್ಮನೆ ಕೂತು ಎಲ್ಲಿ ಅಭ್ಯಾಸ?

ಒಳಗೆ ಹೋದರೆ, ಅಮ್ಮ ಸ್ಟ್ರೈಕರ್ ಹಿಡಿದು ಒಂದು ಕಣ್ಣು ಮುಚ್ಚಿ ಗುರಿಯಿಟ್ಟಿದ್ದಳು. ಅಜ್ಜಿ ಮೂಲೆಯಲ್ಲಿದ್ದ ಮೊರವನ್ನು ತೊಡೆಯ ಮೇಲೆಳೆದುಕೊಂಡು ಅಕ್ಕಿಯನ್ನು ಬೆರಳಲ್ಲಿ ಹರಡಿದರು. ಮತ್ತೆ ಹರಡಿದರು.

"ಇದ್ರಲ್ಲಿ ಒಂದು ಕಲ್ಲೂ ಇಲ್ವಲ್ಲಮ್ಮಿ."

ರೀಟಮ್ಮ ಏನೋ ಹೇಳಹೊರಟರು. ಅಮ್ಮ ಕೈ ಅಡ್ಡ ಮಾಡಿದಳು. ಅಜ್ಜಿಯ ದನಿ ಏರಿತು: "ಸಂಸಾರ್ಸ್ತೆ ಎಂಗ್ಸು ಅಗಲೊತ್ತಲ್ಲಿ ಆಟಕ್ಕೆ ಕುಂತ್ಕಳದಾ? ಎಲ್ಲಾರ ಕಂಡಿದ್ದೀಯಾ?"

ಅಮ್ಮ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅವಳು ಸ್ಟ್ರೈಕರ್ ಕೆಳಗಿಡಲಿಲ್ಲ.

"ಅತ್ತೆ, ಊರಲ್ಲಿ ಸೋಮವಾರ ಎತ್ತಿಗೆ ನೊಗ ಕಟ್ತೀರಾ?"

"ಎಲ್ಲಾರ ಕಟ್ಟಾರಾ? ಬಸವಣ್ಣನ ವಾರ ಅದು."

"ಎತ್ತಿಗೆ ಸೋಮವಾರ. ರೀಟಮ್ಮನೋರ್ಗೆ ಭಾನುವಾರ. ನಂದು ಯಾವ ವಾರ ಅಂತ ಹೇಳ್ಬುಡಿ ಅತ್ತೆ. ಆ ವಾರನೇ ಆಡ್ತೀನಿ."

ಅಜ್ಜಿ ಮೊರವನ್ನು ತೊಡೆಯಿಂದಿಳಿಸಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು, ರೀಟಮ್ಮ ಕೊಟ್ಟ ಬಾಳೆಹಣ್ಣನ್ನೂ ಮುಟ್ಟದೆ, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದರು. ರಾತ್ರಿಯ ಅಡುಗೆ ಮಾಡುತ್ತ ಅಮ್ಮ ಅತ್ತಳು. ಎಲ್ಲ ಮುಗಿಯಿತು, ಇನ್ನು ಅಮ್ಮ ಆಡುವುದಿಲ್ಲ, ಎಲ್ಲ ನನ್ನಿಂದಲೇ ಆಯಿತು ಎಂದು ನಾನೂ ಅತ್ತೆ.

ಮುಂದಿನ ಭಾನುವಾರ ಮೂರು ಗಂಟೆಗೆ ಅಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಮೊರ ಗೋಡೆಯಲ್ಲೇ ನೇತಾಡುತ್ತಿತ್ತು. ವಠಾರದ ಅಂಗಳದಲ್ಲಿ, ನಲ್ಲಿಯ ಹತ್ತಿರ ನಿಂತಿದ್ದ ಅಷ್ಟೂ ಜನರ ಮುಂದೆ, ಬರಿಗೈಯಲ್ಲಿ ನಡೆದುಹೋದಳು. ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಆದರೂ ಹೋದಳು. ಅಜ್ಜಿ ಅದನ್ನು ಕೊನೆಯವರೆಗೂ ಮೆಚ್ಚಲಿಲ್ಲ. ಆದರೆ ಅಲ್ಲಿಂದಾಚೆಗೆ ನಮ್ಮ ಮನೆಗೆ ಶನಿವಾರಗಳಲ್ಲೇ ಬರುತ್ತಿದ್ದರು.

"ಏನೇ, ನಿದ್ದೆ ಬಂತಾ? ನಿಂದೇ ಆಟ ಕಣೇ" ಎಂದಳು ಲಿಲ್ಲಿ. ಅಷ್ಟರಲ್ಲಿ ಫೋನು. ಸುಮಾ.

"ಏನ್ ಮಾಡ್ತಿದ್ದೀಯಮ್ಮ? ಸಂಜೆ ನಿನ್ನ ಮೊಮ್ಮಗನ್ನ ಬಿಟ್ಟು ಹೋಗ್ಲಾ, ಈಗ್ಲೇ ಬಂದ್ಬುಡ್ಲಾ?"

"ಐದಕ್ಕೆ ಬಾ. ಕೇರಂ ಆಡ್ತಾ ಇದ್ದೀನಿ."

"ಓ, ಬೆರಳಿನ ಎಕ್ಸರ್‌ಸೈಜಾ? ಪರ್ವಾಗಿಲ್ವಾ ಈಗ? ಏನಾದ್ರೂ ಪ್ರಯೋಜನ ಆಗ್ತಿದ್ಯಾ?"

ನಾಲಿಗೆಯ ತುದಿಗೆ ಬಂದ ಡಾಕ್ಟರನ್ನು ನುಂಗಿಕೊಂಡೆ. ಬರಿಗೈಯಲ್ಲಿ ಅಂಗಳ ದಾಟಿದವಳ ಮಗಳು ನಾನು, ಇಷ್ಟು ವರ್ಷವಾದರೂ ಮೊರ ಹಿಡಿದುಕೊಂಡೇ ಓಡಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

"ಬೆರಳಿಗೆ ಏನೂ ಆಗಿಲ್ಲ ಕಣೇ. ಇದ್ರಿಂದ ಯಾವ ಪ್ರಯೋಜನಾನೂ ಇಲ್ಲ" ಎಂದು ಫೋನಿಟ್ಟು, ರೆಡ್‌ಗೆ ಗುರಿಯಿಟ್ಟೆ.