ಒಲೆಯ ಎಡಗಲ್ಲು

ನಮ್ಮ ಒಲೆಯಲ್ಲಿ ಒಬ್ಬಳು ದೇವಿ ಇದ್ದಾಳೆಂದು ಊರಿಗೆ ಸಾರಿದವರು ಒಬ್ಬ ಪಂಡಿತರು. ಒಲೆಗೆ ಬೆಂಕಿ ಹಾಕಿ ಗೊತ್ತಿಲ್ಲದ ಮನುಷ್ಯ. ಅರವತ್ತರ ದಶಕದ ನಡುವಿನಲ್ಲಿ, ನಾನು ಮಂಡೆಕೋಲಿನ ಮನೆಗೆ ಸೊಸೆಯಾಗಿ ಬಂದು ನಾಲ್ಕೈದು ವರ್ಷವಾಗಿದ್ದಾಗ, ಸುಳ್ಯದಲ್ಲಿ ಬಸ್ಸಿಳಿದು, ಕೊಡೆಯನ್ನೂ ಎರಡು ನೋಟುಬುಕ್ಕನ್ನೂ ಹಿಡಿದು ನಡೆದು ಬಂದರು. ಮನೆಮನೆಯ ಒಲೆದೇವರ ಬಗ್ಗೆ ಪುಸ್ತಕ ಬರೆಯುತ್ತಾರಂತೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪುಸ್ತಕ ಬರೆಯುವವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದೆ.

ದೇವಿ ಎಂದರೆ ಇಷ್ಟೇ. ನಮ್ಮದು ಮೂರು ಕಲ್ಲಿನ ಒಲೆ. ಅದರಲ್ಲಿ ಎಡಗಡೆಯ ಕಲ್ಲನ್ನು ಅತ್ತೆಗೆ ಅವರ ಅತ್ತೆ ತೋರಿಸಿಕೊಟ್ಟಿದ್ದರು. ಬೆಳಿಗ್ಗೆ ಬೂದಿ ಬಾಚಿ, ಸೆಗಣಿ ಸಾರಿಸಿ, ಅಕ್ಕಿಯನ್ನು ಪಾತ್ರೆಗೆ ಹಾಕುವ ಮೊದಲು ನಾಲ್ಕು ಕಾಳು ಬೆಂಕಿಗೆ. ಅನ್ನ ಬೆಂದ ಮೇಲೆ ಒಂದು ಅಗುಳು ಆ ಕಲ್ಲಿನ ನೆತ್ತಿಗೆ. ಮಂತ್ರವಿಲ್ಲ, ದೀಪವಿಲ್ಲ, ಹೆಸರೂ ಇಲ್ಲ. ಅತ್ತೆ ಅದನ್ನು ಅಜ್ಜಿ ಎನ್ನುತ್ತಿದ್ದರು, ಅಷ್ಟೆ. ಮಾವ ತೀರಿಕೊಂಡ ಮೇಲೆ ಮದುವೆಯಲ್ಲಿ ಅಕ್ಷತೆ ಹಾಕಲಿಕ್ಕೂ ಹಿಂದೆ ನಿಲ್ಲಬೇಕಾಗಿದ್ದ ಹೆಂಗಸು ಅವರು. ಯಾರ ಅಪ್ಪಣೆಯೂ ಇಲ್ಲದೆ ಅವರು ಮುಟ್ಟಬಹುದಾಗಿದ್ದ ದೇವರು ಅದೊಂದೇ.

ಪಂಡಿತರು ಅಡುಗೆಮನೆಯ ಬಾಗಿಲಿಗೆ ಒಂದೇ ಸಲ ಬಂದರು.

"ಈ ದೇವಿಯ ಪತಿ ಯಾರು ಅಮ್ಮ?"

"ನಂಗೆಂತ ಗೊತ್ತು? ನಾನು ಅವಳ ಮದುವೆಗೆ ಹೋಗಿಲ್ಲ" ಎಂದರು ಅತ್ತೆ.

"ಕಥೆ ಏನಾದರೂ ಉಂಟಾ?"

"ಕಥೆ ಎಂತಕ್ಕೆ ಮಾರಾಯ್ರೆ? ಅನ್ನ ಉಂಟು. ಉಣ್ಣುದಾದ್ರೆ ಕೂತ್ಕೊಳ್ಳಿ."

ಉಂಡರು. ಉಂಡು ಕೈ ತೊಳೆದು ಜಗಲಿಗೆ ಹೋಗಿ ಗಂಡಸರ ಜೊತೆ ಕೂತರು. ನನ್ನ ದೊಡ್ಡ ಭಾವ, ಅಂದರೆ ನನ್ನ ಗಂಡನ ಅಣ್ಣ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಹುಟ್ಟಿದಂದಿನಿಂದ ಒಂದು ಕೊಳ್ಳಿಯನ್ನೂ ಒಳಗೆ ದೂಡದ ಪುಣ್ಯಾತ್ಮ. ಮೊದಲ ದಿನ ದೇವಿಗೆ ಗಂಡನಿರಲಿಲ್ಲ. ಎರಡನೇ ದಿನ ಗಂಡ ಬಂದ. ಮೂರನೇ ದಿನ ಅವಳು ಮಲೆಯಾಳದಿಂದ ಹೊಳೆ ದಾಟಿ, ನಮ್ಮ ಮನೆಯ ಹಿರಿಯರ ಕನಸಿಗೆ ಬಂದು, ಒಬ್ಬ ರಾಕ್ಷಸನನ್ನೂ ಕೊಂದಳು. ಪಂಡಿತರು ತಲೆ ಎತ್ತದೆ ಬರೆದುಕೊಂಡರು. ಹೊರಡುವಾಗ, ಇಂಥ ದೇವಿ ಮಸಿಯಲ್ಲಿ ಕೂತಿರುವುದು ಸರಿಯಲ್ಲ, ಅಂಗಳದಲ್ಲಿ ಒಂದು ಗುಡಿ ಆಗಬೇಕು ಎಂದರು.

ಭಾವನಿಗೆ ಅಷ್ಟು ಸಾಕಾಯಿತು. ಗುಡಿ ಎದ್ದಿತು, ದಿನ ನೋಡಿಸಿದರು. ಪ್ರತಿಷ್ಠೆಯ ಹಿಂದಿನ ದಿನ ಒಳಗೆ ಬಂದು ಕೇಳಿದರು.

"ಅವ್ವಾ, ಯಾವ ಕಲ್ಲು?"

ಐವತ್ತು ವರ್ಷ ಆ ಒಲೆಯ ಅನ್ನ ಉಂಡವರಿಗೆ ಯಾವ ಕಲ್ಲೆಂದು ಗೊತ್ತಿಲ್ಲ! ಅತ್ತೆ ಗಂಜಿ ಬಸಿಯುತ್ತಿದ್ದರು.

"ಗುಡಿಗೆ ಹೋದ ಮೇಲೆ ಅಗುಳು ಇಡುದು ಯಾರು?"

"ಭಟ್ರು ಪೂಜೆ ಮಾಡ್ತಾರೆ. ನೀವು ಮುಟ್ಟುದು ಬೇಡ ಅವ್ವಾ. ಗಂಡ ಇಲ್ಲದವ್ರು ಮುಟ್ಟಿದ್ರೆ ಶುದ್ಧ ಮಾಡ್ಬೇಕಾಗ್ತದಂತೆ. ದೂರದಿಂದ ಕೈ ಮುಗಿದ್ರೆ ಆಯ್ತಲ್ಲ?"

ಅತ್ತೆ ಸೌಟು ಕೆಳಗಿಟ್ಟರು. ಆಮೇಲೆ ಮುಖ ತಿರುಗಿಸದೆ ಬಲಗಡೆಯ ಕಲ್ಲು ತೋರಿಸಿ, "ಅದು" ಎಂದರು.

ಅಲ್ಲಿದ್ದ ಹಳೆಯ ಕಲ್ಲು ಆಟಿ ತಿಂಗಳ ಮಳೆಯಲ್ಲಿ ಸೂರು ಸೋರಿ ಬಿರುಕು ಬಿಟ್ಟಿತ್ತು. ಅದರ ಬದಲಿಗೆ ಆ ಕಲ್ಲನ್ನು ತಂದಿಟ್ಟವಳು ನಾನೇ. ಅದಕ್ಕೆ ಮೊದಲು ಅದು ಕೋಳಿಗೂಡಿನ ಬಾಗಿಲಿಗೆ ಒತ್ತುಕೊಟ್ಟ ಕಲ್ಲಾಗಿತ್ತು. ಹಿಕ್ಕೆ ಕೆರೆದು ತೆಗೆಯಲಿಕ್ಕೆ ನನಗೆ ಅರ್ಧ ಗಂಟೆ ಹಿಡಿದಿತ್ತು.

ಮರುದಿನ ಭಾವ ಮಿಂದು, ಒದ್ದೆ ಬಟ್ಟೆಯಲ್ಲಿ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋದರು. ಜಾಗಟೆ ಬಡಿದರು, ಹಾಲು ಎರೆದರು. ಐವರ್ನಾಡಿನಿಂದ ಬಂದ ನೆಂಟರು ಅಡ್ಡಬಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ನಗಲಿಲ್ಲ. ಹುಡುಗಿ ಎನ್ನುವ ಹಾಗೆ ಅವರು ನನ್ನನ್ನು ಗೂಡೆ ಎಂದು ಕರೆಯುತ್ತಿದ್ದರು.

"ಗೂಡೆ, ಬೇರೆ ಒಂದು ಕಲ್ಲು ತಾ. ಅಷ್ಟು ಜನ ಬಂದಿದ್ದಾರೆ, ಎರಡೇ ಕಲ್ಲಲ್ಲಿ ಪಾತ್ರೆ ನಿಲ್ಲುದು ಹೇಗೆ?" ಎಂದರು. ತಂದುಕೊಟ್ಟೆ. ಅತ್ತೆ ಬೆಂಕಿ ಹೊತ್ತಿಸಿ ನಾಲ್ಕು ಕಾಳು ಹಾಕಿದರು.

ನಿಜ ಹೇಳಬೇಡವೇ ಎಂದು ಒಮ್ಮೆ ಕೇಳಿದ್ದೆ. "ಹೇಳಿದ್ರೆ ಇದನ್ನೂ ಹೊತ್ಕೊಂಡು ಹೋಗ್ತಾರೆ" ಎಂದರು.

ಮರುವರ್ಷ ಪಂಡಿತರು ಅಚ್ಚಾದ ಪುಸ್ತಕ ಹಿಡಿದು ಮತ್ತೆ ಬಂದರು. ಗುಡಿಯ ಕಲ್ಲಿಗೆ ಕೈ ಮುಗಿದು ಕಣ್ಣಲ್ಲಿ ನೀರು ತಂದುಕೊಂಡರು. ಜಗಲಿಯಲ್ಲಿ ಕೂತು ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದರು. ಗಂಡ ಇದ್ದ, ರಾಕ್ಷಸ ಇದ್ದ, ಹೊಳೆ ಇತ್ತು. ಅಕ್ಕಿ ಇರಲಿಲ್ಲ, ಒಬ್ಬಳು ಹೆಂಗಸೂ ಇರಲಿಲ್ಲ. ಒಲೆಯಲ್ಲಿ ಪೂಜಿಸುವ ಪದ್ಧತಿ ಈಗ ಅಳಿದುಹೋಗಿದೆ ಎಂದೂ ಬರೆದಿದ್ದರು.

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅವರು ಕೂತಲ್ಲಿಂದ ಒಲೆ ಪೂರ್ತಿ ಕಾಣುತ್ತಿತ್ತು. ಅತ್ತೆ ಅನ್ನ ಇಳಿಸಿ, ಒಂದು ಅಗುಳು ತೆಗೆದು ಎಡಗಲ್ಲಿನ ನೆತ್ತಿಗೆ ಇಟ್ಟರು. ಪಂಡಿತರು ಆಗ ದೇವಿಯ ವಾಹನ ಯಾವುದೆಂದು ಭಾವನನ್ನು ಕೇಳುತ್ತಿದ್ದರು.

"ಅವರನ್ನು ನೋಡಿದ್ರಾ ಅತ್ತೆ?" ಎಂದು ಪಿಸುಗುಟ್ಟಿದೆ.

"ಎಲೆ ಹಾಕು" ಎಂದರು. "ಅವರಿಗೆ ಹಸಿವಾಗಿರ್ಬೇಕು."